ಮಂಗ ಸತ್ತ ಸುದ್ದಿ ಕೊಟ್ಟವರಿಗೆ ಉತ್ತರ ಕೊಡೋರು ಯಾರು?

ಮಲೆನಾಡಿನ ಗೆಳೆಯರಿಗೆ ಮಂಗನ ಕಾಯಿಲೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬಯಲುಸೀಮೆಯವರಿಗೆ, ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಎರಡು ಮಾತು. ಕಾಡಿನ ಉಣುಗು ಕಚ್ಚಿದರೆ ಬರುವ ಜ್ವರ ಇದು. (ಉಣುಗು ಅಂದರೆ ದನದ ಮೈಗೆ ಹತ್ತುತ್ತಲ್ಲ, ಆ ಉಣ್ಣೆ.) ಡಿಸೆಂಬರ್ ಹೊತ್ತಿಗೆ ಶುರುವಾಗಿ ಮಳೆ ಹಿಡಿಯೋವರೆಗೂ ಇರುತ್ತೆ. ಇದ್ದಕ್ಕಿದ್ದ ಹಾಗೆ ಜ್ವರ, ತಲೆ ಸಿಡಿಯೋ ನೋವು, ಮೈಕೈ ನೋವು. ಕೆಲವರಿಗೆ ರಕ್ತಸ್ರಾವ. ಇನ್ನು ಕೆಲವರಿಗೆ ವಾಸಿಯಾಯ್ತು ಅನ್ನುವಾಗ ಮತ್ತೆ ಜ್ವರ ಮರುಕಳಿಸಿ ಮೆದುಳಿಗೆ ಏರುತ್ತೆ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಉಳಿಯಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ ಅನ್ನೋದೊಂದೇ ಪುಣ್ಯ. ಇದಕ್ಕೇ ಅಂತ ಔಷಧಿ ಇಲ್ಲ.

ಈ ಕಾಯಿಲೆಯ ವೈಜ್ಞಾನಿಕ ಹೆಸರಲ್ಲಿ ನಮ್ಮ ಜಿಲ್ಲೆಯ ಒಂದು ಕಾಡಿದೆ. ಕ್ಯಾಸನೂರು ಫಾರೆಸ್ಟ್ ಡಿಸೀಸ್. ಸೊರಬ ತಾಲೂಕಿನ ಕ್ಯಾಸನೂರು ಕಾಡು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. ಸೊರಬದವರು ಆ ಪುಸ್ತಕಗಳಲ್ಲಿ ಎಲ್ಲಿದ್ದಾರೆ ಅನ್ನೋದು ನನ್ನ ಪ್ರಶ್ನೆ.

ಈಚೆಗೆ ಜಾಗತಿಕ ಆರೋಗ್ಯ ಸಂಶೋಧನೆ ಅಂತ ಶುರುವಾಗೋ ಯಾವ ವರದಿ ತೆರೆದರೂ "ಸ್ಥಳೀಯ ಸಮುದಾಯ ನಮ್ಮ ಪಾಲುದಾರರು" ಅನ್ನೋ ಸಾಲು ಕಾಣುತ್ತೆ. ಓದೋಕೆ ಚೆನ್ನಾಗಿದೆ. ಆದರೆ ಪಾಲುದಾರ ಅಂದರೆ ನಮ್ಮ ಕಡೆ ಅರ್ಥ ಬೇರೆ. ಗದ್ದೆ ಪಾಲಿಗೆ ಮಾಡಿದವನಿಗೆ ಕಣದಲ್ಲಿ ಭತ್ತ ಅಳೆಯುವಾಗ ಎದುರಿಗೆ ನಿಂತು ತನ್ನ ಪಾಲು ಕೇಳೋ ಹಕ್ಕಿದೆ. ಬರೀ ಉಳೋಕೆ ಕರೆದು ಅಳೆಯುವಾಗ ಮನೆಗೆ ಕಳಿಸಿದರೆ ಅವನು ಕೂಲಿ, ಪಾಲುದಾರ ಅಲ್ಲ. ಕೂಲಿಗಾದರೂ ಸಂಜೆ ದುಡ್ಡು ಸಿಗುತ್ತೆ!

ಮೊದಲು ಕಂಡುಹಿಡಿದವರು ಯಾರು?

1957ರ ಕಥೆ ನೋಡಿ. ಸೊರಬದ ಕಡೆ ಕಾಡಲ್ಲಿ ಮುಸಿಯಗಳು, ಕೆಂಪು ಮಂಗಗಳು ಸತ್ತು ಬೀಳ್ತಿದ್ದವು. ಅದೇ ಹೊತ್ತಲ್ಲಿ ಕಾಡಿಗೆ ಹೋಗಿ ಬಂದವರು ಜ್ವರ ಬಂದು ಮಲಗ್ತಿದ್ದರು. ಇವೆರಡನ್ನೂ ಗಂಟು ಹಾಕಿ ಇದು 'ಮಂಗನ ಕಾಯಿಲೆ' ಅಂದವರು ಊರಿನ ಜನ. ಆಮೇಲೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮತ್ತು ಅವರ ತಂಡ ಬಂತು. ಆ ಕೇಂದ್ರವನ್ನು 1952ರಲ್ಲಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಮಾಡಿದ್ದು. ಈಗಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ ಅದೇ. ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಕೊಲ್ಲುವ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇನೋ ಅನ್ನೋದು ಅವರ ಮೊದಲ ಹೆದರಿಕೆ. ಆಮೇಲೆ ನೋಡಿದರೆ ಅದಲ್ಲ, ಹೊಸ ವೈರಸ್. ರಷ್ಯಾ ಕಡೆಯ, ಉಣ್ಣೆಯಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ.

ವೈರಸ್ ಬೇರ್ಪಡಿಸೋದು, ಯಾವ ಜಾತಿಯ ಉಣುಗು ಅಂತ ಗುರುತಿಸೋದು ಸಣ್ಣ ಕೆಲಸ ಅಲ್ಲ. ಅದು ಪ್ರಯೋಗಾಲಯ ಇದ್ದವರಿಂದ ಮಾತ್ರ ಆಗೋದು. ಆದರೆ ಮಂಗ ಸಾಯೋದಕ್ಕೂ ಮನುಷ್ಯ ಸಾಯೋದಕ್ಕೂ ಸಂಬಂಧ ಇದೆ ಅನ್ನೋ ಮೊದಲ ಸುಳಿವು ಊರಿನವರದ್ದು. ವಿಜ್ಞಾನದ ಭಾಷೆಯಲ್ಲಿ ಅದಕ್ಕೆ ವೀಕ್ಷಣೆ, ಊಹೆ ಅಂತ ದೊಡ್ಡ ಹೆಸರುಗಳಿವೆ. ಊರಿನವರು ಮಾಡಿದರೆ ಅದು ಬರೀ 'ಸುದ್ದಿ'.

ಇನ್ನೊಂದು ಉದಾಹರಣೆ. 1983ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಈ ಕಾಯಿಲೆ ಭಯಂಕರವಾಗಿ ಬಂತು. ಸಾವಿರದ ಐನೂರಕ್ಕೂ ಹೆಚ್ಚು ಜನಕ್ಕೆ ಜ್ವರ, ಸುಮಾರು 150 ಸಾವು. ಅಲ್ಲಿ ನಿಡ್ಲೆ ಕಡೆ ಗೇರು ಪ್ಲಾಂಟೇಶನ್ನಿಗೆ ಅಂತ ಕಾಡು ಕಡಿದಿದ್ದರು. ಮಾರ್ಕ್ ನಿಕ್ಟರ್ ಅನ್ನೋ ಮಾನವಶಾಸ್ತ್ರಜ್ಞ 1987ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು 'ಅಭಿವೃದ್ಧಿಯ ಕಾಯಿಲೆ' ಅಂತಲೇ ಕರೆದಿದ್ದಾರೆ. ಕಾಡು ಕಡಿದಿದ್ದಕ್ಕೆ ಅಲ್ಲಿದ್ದ ಭೂತ-ದೈವಗಳು ಮುನಿದಿವೆ ಅಂತ ಊರವರು ಅಂದುಕೊಂಡಿದ್ದನ್ನೂ ದಾಖಲಿಸಿದ್ದಾರೆ. ವಿಜ್ಞಾನಿಗಳು ಹೇಳಿದ್ದು: ಕಾಡು ಕಡಿದಿದ್ದರಿಂದ ಉಣುಗು, ಮಂಗ, ಮನುಷ್ಯರ ನಡುವಿನ ಅಂತರ ಕಮ್ಮಿಯಾಯ್ತು. ಎರಡರಲ್ಲೂ ಕಾರಣ ಒಂದೇ ಕಾಡು ನೋಡಿ. ದೈವದ ಮಾತು ಕೇಳಿ ನಕ್ಕು ಹೋದವರು ಕಾಡಿನ ಮಾತನ್ನೂ ಕೇಳಿಸಿಕೊಳ್ಳಲಿಲ್ಲ.

ತ್ಯಾವರೆಕೊಪ್ಪದ ಸಿಂಹ, ಕಾಡಿನ ಮಂಗ

ನಾನು ತ್ಯಾವರೆಕೊಪ್ಪದ ಕಡೆಯವನು. ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಆಸುಪಾಸು. 1988ರಿಂದ ಇಲ್ಲಿ ಹುಲಿ-ಸಿಂಹಧಾಮ ಇದೆ, ಜೋಗಕ್ಕೆ ಹೋಗೋರೆಲ್ಲ ಒಂದು ಗಳಿಗೆ ಇಳಿದು ಹೋಗ್ತಾರೆ. ಅಲ್ಲೊಂದು ಸಿಂಹ ಸತ್ತರೆ ಮರಣೋತ್ತರ ಪರೀಕ್ಷೆ ಆಗುತ್ತೆ, ಯಾವುದರಿಂದ ಸತ್ತಿತು ಅಂತ ಎರಡೇ ದಿನದಲ್ಲಿ ಪೇಪರಲ್ಲಿ ಬರುತ್ತೆ. ಒಳ್ಳೇದೇ, ಹಾಗೇ ಆಗಬೇಕು.

ಅದೇ ರಸ್ತೆಯಲ್ಲಿ ಮುಂದೆ ಸಾಗರದ ಆಚೆಗೆ ಹೋಗಿ. ಡಿಸೆಂಬರ್ ಬಂತು ಅಂದರೆ "ಸತ್ತ ಮಂಗ ಕಂಡರೆ ಕೂಡಲೇ ತಿಳಿಸಿ" ಅಂತ ಪ್ರಕಟಣೆ. ಜನ ತಿಳಿಸ್ತಾರೆ ಕೂಡ. ಸಾಗರ ತಾಲೂಕಿನಲ್ಲಿರೋ ನಮ್ಮ ದೊಡ್ಡಪ್ಪ ಒಬ್ಬರು ಅಡಿಕೆ ತೋಟದ ಮೇಲಿನ ಬೆಟ್ಟದಲ್ಲಿ ಮುಸಿಯ ಸತ್ತಿದ್ದು ನೋಡಿ ಫೋನ್ ಮಾಡಿದ್ದರು. ಬಂದರು, ಮಂಗನ್ನ ಪರೀಕ್ಷೆ ಮಾಡಿ ಸುಟ್ಟರು, ಸುತ್ತ ಬಿಳಿ ಪುಡಿ ಹೊಡೆದು ಹೋದರು. "ಆಮೇಲೆ ಏನಂತೆ ದೊಡ್ಡಪ್ಪ? ಅದಕ್ಕೆ ಮಂಗನ ಕಾಯಿಲೆ ಇತ್ತಂತಾ?" ಅಂದೆ. "ಅವ್ರು ಹೇಳ್ಲಿಲ್ಲ ಮಾರಾಯ, ನಾವು ಯಾರನ್ನ ಕೇಳೋದು ಗೊತ್ತಾಗ್ಲಿಲ್ಲ. ಆ ಬೆಟ್ಟಕ್ಕೆ ಎರಡು ತಿಂಗ್ಳು ಹೋಗ್ಲೇ ಇಲ್ಲ ನೋಡು" ಅಂದರು.

ಆ ಎರಡು ತಿಂಗಳು ಅಂದರೆ ಏನು ಅಂತ ತೋಟ ಇದ್ದವರಿಗೆ ಗೊತ್ತು. ಕೊಟ್ಟಿಗೆಗೆ ದರಗು ಇಲ್ಲ, ತೋಟಕ್ಕೆ ಗೊಬ್ಬರ ಇಲ್ಲ. ಪರೀಕ್ಷೆಯಲ್ಲಿ ವೈರಸ್ ಇಲ್ಲ ಅಂತ ಬಂದಿದ್ದರೆ ಅವರು ಆ ನಷ್ಟ ಅನುಭವಿಸಬೇಕಿರಲಿಲ್ಲ. ಇದೆ ಅಂತ ಬಂದಿದ್ದರೆ ಪಕ್ಕದ ಮನೆಯವರೂ ಹುಷಾರಾಗ್ತಿದ್ದರು. ಮಾಹಿತಿ ಮೇಲಕ್ಕೆ ಹೋಯ್ತು, ಕೆಳಕ್ಕೆ ಬರಲಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಯಾರಾದರೂ ಬಗ್ ಇದೆ ಅಂತ ತಿಳಿಸಿದರೆ ಅದಕ್ಕೊಂದು ನಂಬರ್ ಹಾಕ್ತೀವಿ. ನೋಡಿದೀವಿ, ಸರಿ ಮಾಡಿದೀವಿ, ಇದು ಬಗ್ ಅಲ್ಲ.. ಹೀಗೆ ಏನೋ ಒಂದು ಉತ್ತರ ಹೋಗಲೇಬೇಕು. ಉತ್ತರ ಹೋಗದಿದ್ದರೆ ಏನಾಗುತ್ತೆ? ಎರಡನೇ ಸಲ ಯಾರೂ ತಿಳಿಸಲ್ಲ. ಇದರಲ್ಲಿ ದೊಡ್ಡ ತತ್ವ ಏನೂ ಇಲ್ಲ. ಮಂಗನ ಕಾಯಿಲೆಯಲ್ಲಿ ಸತ್ತ ಮಂಗವೇ ಮೊದಲ ಎಚ್ಚರಿಕೆ ಗಂಟೆ. ಆ ಗಂಟೆ ಬಾರಿಸೋರು ಸುಮ್ಮನಾದರೆ ಮುಂದಿನ ಎಚ್ಚರಿಕೆ ಬರೋದು ಆಸ್ಪತ್ರೆಯಿಂದ.

ಹಂದಿಗೋಡಿನ ಕಥೆ

ಇದೇ ಸಾಗರದ ಪಕ್ಕದಲ್ಲಿ ಹಂದಿಗೋಡು ಅನ್ನೋ ಊರಿದೆ. 1974-75ರ ಸುಮಾರಿಗೆ ಅಲ್ಲಿ ಒಂದು ವಿಚಿತ್ರ ಕಾಯಿಲೆ ಇರೋದು ಹೊರಜಗತ್ತಿಗೆ ಗೊತ್ತಾಯ್ತು. ಸೊಂಟ, ಮಂಡಿ ಸವೆದು ನೋವು, ನಡೆಯೋಕಾಗಲ್ಲ, ಕೆಲವರು ಬೆಳೆಯೋದೇ ಇಲ್ಲ. ಕಾಯಿಲೆ ಬಿದ್ದವರು ಬಹುಪಾಲು ದಲಿತ ಕುಟುಂಬಗಳು, ಗದ್ದೆ ಕೂಲಿ ಮಾಡೋರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು. ಅಲ್ಲಿನ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. ಅದರಲ್ಲಿ 'ಮಲ್ನಾಡ್' ಅನ್ನೋದು ಕಾಯಿಲೆಯ ಹೆಸರಿಗೇ ಸೇರಿಕೊಂಡಿತು. ಆಮೇಲೆ ಬೇರೆ ಬೇರೆ ಸಂಸ್ಥೆಯವರು ಬಂದರು. ಎಕ್ಸರೇ ಆಯ್ತು, ರಕ್ತ ಆಯ್ತು, ವಂಶವೃಕ್ಷ ಬರೆದದ್ದಾಯ್ತು.

ಮೊದಲು ಬಂದ ಶಂಕೆ ಏನು ಗೊತ್ತಾ? ಕೀಟನಾಶಕ ಹೊಡೆದ ಗದ್ದೆಯ ಏಡಿ ತಿನ್ನೋದರಿಂದ ಬಂತು ಅಂತ. ಬಡವರ ಊಟವೇ ಆರೋಪಿ! 1990ರ ದಶಕದ ಅಧ್ಯಯನಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಕಾಯಿಲೆ ಅನ್ನೋದು ಖಚಿತವಾಯ್ತು. ವಿಜ್ಞಾನ ಅಂದರೆ ಹಾಗೇ, ಒಂದು ಊಹೆ ಬಿದ್ದು ಇನ್ನೊಂದು ಏಳುತ್ತೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ "ಏಡಿಯಿಂದ ಬಂತು" ಅನ್ನೋ ಮಾತು ಒಂದು ಕೇರಿಗೆ ಏನು ಮಾಡುತ್ತೆ, "ರಕ್ತದಲ್ಲೇ ಇದೆ" ಅನ್ನೋ ಮಾತು ಆ ಕೇರಿಯ ಹುಡುಗಿಯ ಮದುವೆಗೆ ಏನು ಮಾಡುತ್ತೆ ಅನ್ನೋದು ಪ್ರಬಂಧದ ಯಾವ ಕೋಷ್ಟಕದಲ್ಲೂ ಬರಲ್ಲ. ಅದನ್ನು ಮೊದಲೇ ಹೇಳಬಲ್ಲವರು ಆ ಕೇರಿಯವರು ಮಾತ್ರ. ಫಲಿತಾಂಶವನ್ನು ಹೇಗೆ ಹೇಳಬೇಕು, ಯಾರ ಎದುರು ಹೇಳಬೇಕು ಅಂತ ತೀರ್ಮಾನ ಮಾಡುವಾಗ ಅವರು ಆ ಕೋಣೆಯಲ್ಲಿ ಇರಬೇಕು. ನಾನು ಪಾಲುದಾರಿಕೆ ಅನ್ನೋದು ಇದಕ್ಕೆ.

ಅರ್ಧ ಶತಮಾನ ಆಯ್ತು. ಕಾಯಿಲೆಯನ್ನು ಬುಡದಿಂದ ವಾಸಿ ಮಾಡೋ ಔಷಧಿ ಬಂದಿಲ್ಲ. ಅದು ಯಾರ ತಪ್ಪೂ ಅಲ್ಲದಿರಬಹುದು. ಆದರೆ ರಕ್ತ ಕೊಟ್ಟವರಿಗೆ ಊರುಗೋಲು, ಮಾಸಾಶನ, ಕೂತು ಮಾಡೋ ಒಂದು ಕೆಲಸ.. ಇವಕ್ಕೆ ಸಂಶೋಧನೆಯ ಅನುಮತಿ ಬೇಕಿಲ್ಲವಲ್ಲ?

ಗುಟ್ಟು ಮಾಡಿದರೆ ಗಾಳಿಸುದ್ದಿ

"ಮಂಗನ ಕಾಯಿಲೆ ಅಮೆರಿಕದವರು ತಂದು ಬಿಟ್ಟಿದ್ದು" ಅನ್ನೋ ಮಾತನ್ನ ನಾನು ಚಿಕ್ಕಂದಿನಿಂದ ಕೇಳಿದೀನಿ. ನೀವೂ ಕೇಳಿರ್ತೀರಿ. ಅದಕ್ಕೆ ಆಧಾರ ಇಲ್ಲ. ಆದರೆ ಆ ಅನುಮಾನ ಆಕಾಶದಿಂದ ಉದುರಿದ್ದಲ್ಲ. ಸೈಬೀರಿಯಾ ಕಡೆಯಿಂದ ಬರೋ ವಲಸೆ ಹಕ್ಕಿಗಳು ವೈರಸ್ ತಂದವೇನೋ ಅನ್ನೋ ಊಹೆ ಇತ್ತು. ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ವಲಸೆ ಅಭ್ಯಾಸ ಮಾಡ್ತಿತ್ತು. ಅದಕ್ಕೆ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು, ಆಮೇಲೆ ಅಮೆರಿಕದ ಸೇನೆಯ ಒಂದು ಸಂಶೋಧನಾ ಕಾರ್ಯಕ್ರಮದ ದುಡ್ಡು ಬಂತು. 1974-75ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ಹಣದ ಯೋಜನೆಗಳ ಮೇಲೆ ದೊಡ್ಡ ಪ್ರಶ್ನೆ ಎತ್ತಿತು. ಅದರಲ್ಲಿ ಇದೂ ಇತ್ತು, ದೆಹಲಿಯ ಸೊಳ್ಳೆಗಳ ಮೇಲಿನ ಯೋಜನೆಯೂ ಇತ್ತು.

ಸಲೀಂ ಅಲಿ ಅಂಥವರ ಪ್ರಾಮಾಣಿಕತೆಯನ್ನ ನಾನು ಪ್ರಶ್ನೆ ಮಾಡ್ತಿಲ್ಲ. ಯಾರ ದುಡ್ಡು, ಯಾವ ಪ್ರಶ್ನೆಗೆ, ಸಿಕ್ಕ ಮಾಹಿತಿ ಎಲ್ಲಿಗೆ ಹೋಗುತ್ತೆ.. ಈ ಮೂರನ್ನು ಮೊದಲ ದಿನವೇ ಊರ ಕಟ್ಟೆಯಲ್ಲಿ ಕನ್ನಡದಲ್ಲಿ ಹೇಳದಿದ್ದರೆ ಜನ ತಾವೇ ಉತ್ತರ ಹುಡುಕಿಕೊಳ್ತಾರೆ. ಆ ಉತ್ತರ ಐವತ್ತು ವರ್ಷ ಬದುಕುತ್ತೆ.

ಸರಿಯಾಗಿ ಮಾಡೋಕೆ ಹೊರಟವರೂ ಇದ್ದಾರೆ

ಬರೀ ಬೈದರೆ ಅನ್ಯಾಯ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಹತ್ತಕ್ಕೂ ಹೆಚ್ಚು ಜನರನ್ನ ಬಲಿ ತೆಗೆದುಕೊಂಡಿದ್ದು ನಿಮಗೆ ನೆನಪಿರಬಹುದು. ಶರಾವತಿ ಹಿನ್ನೀರಿನ ಆ ಸೀಮೆ ಒಂದು ಸಲ ಮುಳುಗಡೆಗೆ ಮನೆಮಠ ಕೊಟ್ಟಿದ್ದು. ಮುಳುಗಡೆಯ ಎಷ್ಟೋ ಕುಟುಂಬಗಳು ನಮ್ಮ ಕಡೆ ಶೆಟ್ಟಿಹಳ್ಳಿ ಕಾಡಿನ ಅಂಚಿಗೂ ಬಂದು ನೆಲೆಸಿವೆ. ಕಾಡಂಚಲ್ಲಿ ಇರೋದು ಇವರ ಶೋಕಿ ಅಲ್ಲ ಅಂತ ಹೇಳೋಕೆ ಇದನ್ನ ನೆನಪಿಸಿದೆ.

ಆ ಹೊತ್ತಿಗಾಗಲೇ 'ಮಂಕಿ ಫೀವರ್ ರಿಸ್ಕ್' ಅನ್ನೋ ಅಧ್ಯಯನ ಶುರುವಾಗಿತ್ತು. ಬ್ರಿಟನ್ನಿನ ಸೆಂಟರ್ ಫಾರ್ ಇಕಾಲಜಿ ಅಂಡ್ ಹೈಡ್ರಾಲಜಿ, ಬೆಂಗಳೂರಿನ ಏಟ್ರೀ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಯಲಹಂಕದ ನಿವೇದಿ, ರಾಜ್ಯ ಆರೋಗ್ಯ ಇಲಾಖೆ ಎಲ್ಲ ಸೇರಿದ್ದರು. ಎಲ್ಲೆಲ್ಲಿ ಅಪಾಯ ಜಾಸ್ತಿ ಅಂತ ತೋರಿಸೋ ನಕ್ಷೆಯನ್ನ ಅವರು ಒಂದು ಕೋಣೆಯಲ್ಲಿ ಕೂತು ಮಾಡಲಿಲ್ಲ. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನ ಕೂರಿಸಿಕೊಂಡು, ನಿಮಗೆ ಯಾವ ನಕ್ಷೆ ಬೇಕು ಅಂತ ಕೇಳಿ ಮಾಡಿದರು. 2020ರಲ್ಲಿ ಅದು ಪ್ರಕಟವಾಯ್ತು. ನಿತ್ಯಹರಿದ್ವರ್ಣ ಕಾಡು ಮತ್ತು ಪ್ಲಾಂಟೇಶನ್ ಬೆರೆತಿರೋ, ನಾಟಿ ದನ ಜಾಸ್ತಿ ಇರೋ ಕಡೆ ಕಾಯಿಲೆ ಹೆಚ್ಚು ಅಂತ ಕಂಡುಬಂತು. ಅದರ ಮರುವರ್ಷ ಅದೇ ತಂಡದವರು ಇನ್ನೊಂದು ಕೆಲಸ ಮಾಡಿದರು. ಮಂಗನ ಕಾಯಿಲೆ ತಡೆಯೋಕೆ ಕೊಡ್ತಿರೋ ಸಲಹೆಗಳಿಗೆಲ್ಲ ಎಷ್ಟು ಪುರಾವೆ ಇದೆ ಅಂತ ಒಂದೊಂದಾಗಿ ನೋಡಿದರು. ಹಲವಕ್ಕೆ ಪುರಾವೆ ತೀರಾ ತೆಳು ಅಂತ ನೇರವಾಗಿ ಬರೆದರು. ಇಂಥ ಪ್ರಾಮಾಣಿಕತೆ ನನಗೆ ಇಷ್ಟ ಆಯ್ತು.

ಆದರೂ ಗಮನಿಸಿ. ನಕ್ಷೆಯ ಮೇಜಿನ ಸುತ್ತ ಕೂತವರು ಬಹುಪಾಲು ಇಲಾಖೆಗಳವರು, ವಿಜ್ಞಾನಿಗಳು. ಊರಿನವರ ಬದುಕನ್ನ ತಿಳಿಯೋಕೆ ಮನೆಮನೆ ಸಮೀಕ್ಷೆಯೂ ಆಯ್ತು. ಸರಿ. ಆದರೆ ಸಮೀಕ್ಷೆಯಲ್ಲಿ ಪ್ರಶ್ನೆ ಕೇಳೋರು ಅವರು, ಉತ್ತರ ಕೊಡೋರು ಇವರು. ಮುಂದಿನ ಮೆಟ್ಟಿಲು ಅಂದರೆ ಪ್ರಶ್ನೆಯೂ ಇವರ ಕಡೆಯಿಂದ ಬರೋದು.

ಊರಿನ ಪ್ರಶ್ನೆ ಹೇಗಿರುತ್ತೆ? ಸರ್ಕಾರದ ಕರಪತ್ರ "ಕಾಡಿಗೆ ಹೋಗಬೇಡಿ" ಅನ್ನುತ್ತೆ. ಅಡಿಕೆ ಕೊಯ್ಲು ನಡೆಯೋದು, ದರಗು ಗುಡಿಸೋದು, ಕಟ್ಟಿಗೆ ಕೂಡಿಡೋದು ಎಲ್ಲ ಅದೇ ಕಾಯಿಲೆಯ ತಿಂಗಳುಗಳಲ್ಲಿ. ಸೊಪ್ಪಿನ ಬೆಟ್ಟಕ್ಕೆ ಹೋಗದೆ ತೋಟ ಇಲ್ಲ. ಅದಕ್ಕೇ ಊರಿನವರ ಪ್ರಶ್ನೆ "ಹೋಗಲೋ ಬೇಡವೋ" ಅಲ್ಲ, "ಹೋಗಿ ಬರೋದು ಹೇಗೆ" ಅಂತ. ದರಗನ್ನ ನವೆಂಬರಿಗೆ ಮೊದಲೇ ತಂದಿಟ್ಟುಕೊಂಡರೆ ಅಪಾಯ ಎಷ್ಟು ಕಮ್ಮಿ? ತಂದ ದರಗನ್ನ ಎರಡು ದಿನ ಬಿಸಿಲಿಗೆ ಹರಡಿದರೆ ಮರಿ ಉಣುಗು ಸಾಯುತ್ತಾ? ಹಂಚುವ ಡೆಪಾ ಎಣ್ಣೆ ಬೆವರಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ? ದನಕ್ಕೆ ಉಣ್ಣೆ ಔಷಧಿ ಹೊಡೆದರೆ ಮನುಷ್ಯರಿಗೆ ಎಷ್ಟು ಉಪಯೋಗ? ಇವೆಲ್ಲ ಪರೀಕ್ಷೆ ಮಾಡಿ ನೋಡಬಹುದಾದ ಪ್ರಶ್ನೆಗಳು. ವೈರಸ್ಸಿನ ಜೀನ್ ಓದೋದಕ್ಕೆ ಆಗುವ ಖರ್ಚಿನ ಮುಂದೆ ಇವಕ್ಕೆ ಬೇಕಾದ್ದು ಎಷ್ಟು ಮಹಾ?

ಈಗ ಯಾಕೆ ಈ ಮಾತು?

ಯಾಕೆಂದರೆ ಲಸಿಕೆ. ದಶಕಗಳಿಂದ ಕೊಡ್ತಿದ್ದ ಹಳೇ ಲಸಿಕೆ ನಿಮಗೆ ಗೊತ್ತು. ಎರಡು ಡೋಸ್, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ವಿಪರೀತ ನೋವು. ಜನ ಮೊದಲ ಚುಚ್ಚುಮದ್ದಿಗೆ ಬಂದವರು ಮುಂದಿನದಕ್ಕೆ ಬರ್ತಿರಲಿಲ್ಲ. 2005ರಿಂದ 2010ರವರೆಗಿನ ಲೆಕ್ಕ ನೋಡಿದ ಅಧ್ಯಯನದ ಪ್ರಕಾರ ಎರಡು ಡೋಸಿನ ಪರಿಣಾಮ ಶೇ. 62.4, ಬೂಸ್ಟರೂ ಸೇರಿದರೆ ಶೇ. 82.9. "ಸೂಜಿ ಹಾಕಿಸಿಕೊಂಡೂ ಜ್ವರ ಬಂತಲ್ಲ" ಅಂತ ಊರಿನವರು ಅಂದಾಗ ಅದಕ್ಕೆ ಸಿಕ್ಕ ಹೆಸರು ಅಜ್ಞಾನ, ಅಸಡ್ಡೆ. 2022ರಲ್ಲಿ ರಾಜ್ಯ ಸರ್ಕಾರವೇ ಆ ಲಸಿಕೆ ಕೊಡೋದನ್ನ ನಿಲ್ಲಿಸಿತು. ಅದರ ಸಾಮರ್ಥ್ಯ ಇರಬೇಕಾದಷ್ಟು ಇಲ್ಲ ಅನ್ನೋದೇ ಕಾರಣ.

ತಪ್ಪು ತಿಳೀಬೇಡಿ, ನಾನು ಲಸಿಕೆ ವಿರೋಧಿ ಅಲ್ಲ. ಒಳ್ಳೇ ಲಸಿಕೆ ಬಂದರೆ ಮೊದಲು ಸಾಲಲ್ಲಿ ನಿಲ್ಲೋನು ನಾನೇ. ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡ್ತಿದ್ದಾರೆ. ಬರಲಿ, ಬೇಗ ಬರಲಿ. ಆದರೆ ಒಂದು ಲಸಿಕೆ ಕೆಲಸ ಮಾಡುತ್ತೋ ಇಲ್ಲವೋ ಅಂತ ಕೊನೆಗೆ ಗೊತ್ತಾಗಬೇಕಾದ್ದು ಕಾಯಿಲೆ ಇರುವ ಊರಲ್ಲೇ. ಇವತ್ತಲ್ಲ ನಾಳೆ ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರದ ಊರುಗಳ ಬಾಗಿಲಿಗೆ ಸಮ್ಮತಿ ಪತ್ರ ಬರುತ್ತೆ. ಆವತ್ತು ನಮ್ಮವರು ಹೆಬ್ಬೆಟ್ಟು ಒತ್ತೋ ಜನ ಆಗಿರ್ತಾರಾ, ಪಾಲುದಾರರಾಗಿರ್ತಾರಾ?

ಹೆಬ್ಬೆಟ್ಟು ಒತ್ತಿಸಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದಲ್ಲೇ ಪಾಠ ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೀತು. ಖಮ್ಮಂನಲ್ಲಿ ಹಾಸ್ಟೆಲ್ ಹುಡುಗಿಯರ ಪರವಾಗಿ ತಂದೆತಾಯಿ ಬದಲು ವಾರ್ಡನ್, ಹೆಡ್‌ಮಾಸ್ಟರ್ ಸಹಿ ಹಾಕಿದ್ದು ಹೊರಬಂತು. 2010ರಲ್ಲಿ ಅಧ್ಯಯನ ನಿಂತಿತು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಬರೆಯಿತು. ಲಸಿಕೆ ಒಳ್ಳೇದೇ ಇದ್ದರೂ ಹಾದಿ ಕೆಟ್ಟರೆ ಲಸಿಕೆಗೂ ಕೆಟ್ಟ ಹೆಸರು. ಅಮೆರಿಕದಲ್ಲೂ ಅಷ್ಟೇ. ಹವಾಸುಪೈ ಅನ್ನೋ ಮೂಲನಿವಾಸಿಗಳಿಂದ 1990ರ ಆಚೀಚೆ ಸಕ್ಕರೆ ಕಾಯಿಲೆ ಅಧ್ಯಯನಕ್ಕೆ ಅಂತ ರಕ್ತ ತಗೊಂಡು ಬೇರೆ ವಿಷಯಗಳಿಗೂ ಬಳಸಿದರು. 2010ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಪರಿಹಾರ ಕೊಟ್ಟು, ಉಳಿದ ರಕ್ತದ ಮಾದರಿಗಳನ್ನ ಅವರಿಗೇ ಹಿಂದಿರುಗಿಸಬೇಕಾಯ್ತು. 2017ರಲ್ಲಿ ದಕ್ಷಿಣ ಆಫ್ರಿಕಾದ ಸಾನ್ ಜನ, ನಮ್ಮಲ್ಲಿಗೆ ಬರೋ ಸಂಶೋಧಕರು ಹೀಗೆ ನಡೆದುಕೊಳ್ಳಬೇಕು ಅಂತ ತಾವೇ ಒಂದು ನಿಯಮಾವಳಿ ಬರೆದು ಮುಂದಿಟ್ಟರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ.. ಅಷ್ಟೇ. ಮಲೆನಾಡಿಗೆ ಅಂಥದ್ದೊಂದು ಯಾಕಿರಬಾರದು?

"ಆದರೆ.." ಅನ್ನೋರಿಗೆ

ಇದನ್ನ ಹೇಳಿದಾಗ ಗೆಳೆಯನೊಬ್ಬ ಕೇಳಿದ. ವಿಜ್ಞಾನ ಪಂಚಾಯ್ತಿ ಎಲೆಕ್ಷನ್ನಾ? ವೈರಸ್ ಯಾವುದು ಅಂತ ಕೈ ಎತ್ತಿಸಿ ತೀರ್ಮಾನ ಮಾಡ್ತೀರಾ? ಜ್ವರ ಹಬ್ಬಿರೋವಾಗ ಗ್ರಾಮಸಭೆ ಕರೀತಾ ಕೂರೋಕಾಗುತ್ತಾ? ಊರು ಅಂದರೆ ಒಂದೇನಾ, ಅಲ್ಲಿ ಮೇಲಿನಕೇರಿ ಕೆಳಗಿನಕೇರಿ ಇಲ್ವಾ?

ಪ್ರಶ್ನೆಗಳು ನ್ಯಾಯವಾಗೇ ಇವೆ. ವೈರಸ್ ಯಾವುದು ಅನ್ನೋದು ಪ್ರಯೋಗಾಲಯದ ಕೆಲಸ, ಅಲ್ಲಿ ವೋಟು ನಡೆಯಲ್ಲ. ಆದರೆ ಯಾವ ಪ್ರಶ್ನೆ ಮೊದಲು, ದುಡ್ಡು ಯಾವುದಕ್ಕೆ, ಫಲಿತಾಂಶ ಯಾರಿಗೆ ಮೊದಲು ಅನ್ನೋದು ವಿಜ್ಞಾನದ ಸತ್ಯಗಳಲ್ಲ, ತೀರ್ಮಾನಗಳು. ತೀರ್ಮಾನದಲ್ಲಿ ಪಾಲು ಕೇಳಬಹುದು. ಜ್ವರ ಹಬ್ಬಿದಾಗ ಸಭೆ ಕರೆಯೋಕಾಗಲ್ಲ, ಹೌದು. ಆದರೆ ಈ ಕಾಯಿಲೆ ಹೇಳಿ ಬರೋ ನೆಂಟ. ಪ್ರತಿವರ್ಷ ಅದೇ ಡಿಸೆಂಬರ್. ಜೂನ್‌ನಿಂದ ನವೆಂಬರ್‌ವರೆಗೆ ಆರು ತಿಂಗಳು ಮಳೆಗಾಲ ಇದೆ, ಕೂತು ಮಾತಾಡೋಕೆ. ಇನ್ನು ಕೇರಿಗಳ ಮಾತು. ಅದು ಮೂರರಲ್ಲೂ ಗಟ್ಟಿಯಾದ ಪ್ರಶ್ನೆ. ಪಾಲುದಾರಿಕೆ ಅಂತ ಊರ ಗೌಡರ ಜಗಲಿಯಲ್ಲಿ ಕಾಫಿ ಕುಡಿದು ಫೋಟೋ ತೆಗೆಸಿಕೊಂಡು ಹೋದರೆ ಆಗಲ್ಲ. ದರಗು ಗುಡಿಸೋದು ಯಾರು, ಕಟ್ಟಿಗೆ ಹೊರೋದು ಯಾರು, ದನ ಕಾಯೋದು ಯಾರು? ಉಣುಗು ಕಚ್ಚೋದು ಅವರಿಗೆ. ಕೂರಬೇಕಾದವರೂ ಅವರೇ. ಅದರಲ್ಲಿ ಹೆ‌ಂಗಸರೇ ಜಾಸ್ತಿ.

ಆಗಲ್ಲ ಅನ್ನೋರಿಗೆ ಗಡ್ಚಿರೋಲಿ ಇದೆ. ಅಭಯ್ ಬಂಗ್, ರಾಣಿ ಬಂಗ್ ದಂಪತಿ 1980ರ ದಶಕದಲ್ಲಿ ಅಲ್ಲಿ ಹೋಗಿ ಕೂತರು. ದೊಡ್ಡ ಕಟ್ಟಡ ಕಂಡರೆ ಹೆದರಿಕೆ ಅಂತ ಆದಿವಾಸಿಗಳು ಅಂದಿದ್ದಕ್ಕೆ ಆಸ್ಪತ್ರೆಯನ್ನೇ ಅವರ ಹಾಡಿಯ ಹಾಗೆ ಕಟ್ಟಿ ಅವರ ದೇವಿ ದಂತೇಶ್ವರಿಯ ಹೆಸರಿಟ್ಟರು. ಊರಿನ ಹೆ‌ಂಗಸರಿಗೇ ಎಳೆಮಗುವಿನ ಆರೈಕೆ ಕಲಿಸಿದರು. ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿಯಿತು ಅಂತ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಮ್ಮ ಆಶಾ ಕಾರ್ಯಕರ್ತೆಯರು ಇವತ್ತು ಬಾಣಂತಿ ಮನೆಗೆ ಬಂದು ಮಗು ನೋಡಿ ಹೋಗ್ತಾರಲ್ಲ, ಅದರ ಬೇರು ಅಲ್ಲಿದೆ. ಊರಿನವರನ್ನ ಜೊತೆಗೆ ತಗೊಂಡಿದ್ದರಿಂದ ವಿಜ್ಞಾನ ಏನೂ ತೆಳುವಾಗಲಿಲ್ಲ.

ನಾನು ಕೇಳೋದು ಇಷ್ಟೇ

- ಸತ್ತ ಮಂಗದ ಸುದ್ದಿ ಕೊಟ್ಟವರಿಗೆ ಪರೀಕ್ಷೆಯ ಫಲಿತಾಂಶ ಒಂದು ಫೋನ್ ಕರೆಯಲ್ಲಾದರೂ ಹೋಗಬೇಕು. ಇದ್ದರೆ ಇದೆ ಅಂತ, ಇಲ್ಲದಿದ್ದರೆ ಇಲ್ಲ ಅಂತ.
- ಸಮ್ಮತಿ ಪತ್ರ ಆಡುವ ಕನ್ನಡದಲ್ಲಿರಬೇಕು. "ಸ್ವಯಂಪ್ರೇರಿತವಾಗಿ ಭಾಗವಹಿಸಲು ಈ ಮೂಲಕ ಸಮ್ಮತಿಸುತ್ತೇನೆ" ಅನ್ನೋದು ನನಗೇ ಎರಡು ಸಲ ಓದಿದರೆ ಅರ್ಥ ಆಗೋದು.
- ರಕ್ತ ಎಲ್ಲಿ ಇಡ್ತಾರೆ, ಎಷ್ಟು ವರ್ಷ, ಬೇರೆ ಕೆಲಸಕ್ಕೆ ಬಳಸೋದಾದರೆ ಮತ್ತೆ ಕೇಳ್ತಾರಾ.. ಬರೆದು ಕೊಡಬೇಕು.
- ಉಣುಗು ಹಿಡಿದುಕೊಡೋ, ಮನೆಮನೆ ಸುತ್ತೋ ಊರಿನ ಹುಡುಗರಿಗೆ, ಆಶಾ ಅಕ್ಕಂದಿರಿಗೆ ಸರಿಯಾದ ಸಂಬಳ, ಪ್ರಬಂಧದಲ್ಲಿ ಹೆಸರು.
- ಹೊಸ ಲಸಿಕೆಯ ಪರೀಕ್ಷೆ ಇಲ್ಲಿ ನಡೆದರೆ, ತೊಂದರೆಯಾದವರ ಚಿಕಿತ್ಸೆ ಮತ್ತು ಪರಿಹಾರದ ಬಗ್ಗೆ 2019ರ ಔಷಧ ಪರೀಕ್ಷಾ ನಿಯಮಗಳಲ್ಲಿ ಏನಿದೆ ಅನ್ನೋದನ್ನ ಸೂಜಿಗೆ ಮೊದಲು ಹೇಳಬೇಕು. ಗೆದ್ದ ಲಸಿಕೆ ಮೊದಲು ಈ ಊರುಗಳಿಗೇ ಸಿಗಬೇಕು.

ಇದರಲ್ಲಿ ನಮ್ಮ ಕೈಲಾಗೋದೂ ಒಂದಿದೆ. ಮಂಗನ ಕಾಯಿಲೆಯ ಮೇಲಿನ ಈಚಿನ ಎಷ್ಟೋ ಒಳ್ಳೆಯ ಪ್ರಬಂಧಗಳು ಪ್ಲಾಸ್ ಪತ್ರಿಕೆಗಳಲ್ಲಿ ಬಂದಿವೆ. ಓದೋಕೆ ದುಡ್ಡು ಕೊಡಬೇಕಿಲ್ಲ, ಮೂಲ ಯಾರದ್ದು ಅಂತ ಹೇಳಿದರೆ ಅನುವಾದ ಮಾಡೋಕೂ ಅಡ್ಡಿ ಇಲ್ಲ. ನಮ್ಮ ಊರಿನ ಬಗ್ಗೆ ಇಂಗ್ಲಿಷಲ್ಲಿ ಇರೋದು ನಮ್ಮ ಊರಿನ ಭಾಷೆಯಲ್ಲಿ ಇಲ್ಲ. 2020ರ ನಕ್ಷೆಯ ಪ್ರಬಂಧದ ಸಾರಾಂಶ ಕನ್ನಡದಲ್ಲಿ ಬರೆಯೋಕೆ ನಾನು ಕೂತಿದ್ದೀನಿ. ಡಾಕ್ಟರು, ಪಶುವೈದ್ಯರು, ಕೃಷಿ ಓದಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಪುರಾವೆಗಳನ್ನ ತೂಗಿ ನೋಡಿದ ಇನ್ನೊಂದು ಪ್ರಬಂಧ ಇದೆಯಲ್ಲ, ಅದನ್ನ ಕೈಗೆತ್ತಿಕೊಳ್ಳಿ. ನಮ್ಮ ದೊಡ್ಡಪ್ಪನಂಥವರು ಓದಿ ತಲೆ ಆಡಿಸೋ ಹಾಗಿರಬೇಕು, ಅಷ್ಟೇ ಷರತ್ತು.

ಯಾರು ಯಾರು ಬರ್ತೀರಿ ಹೇಳಿ. ಡಿಸೆಂಬರ್ ಒಳಗೆ ಮುಗಿಸೋಣ.